ಬೆಟ್ಟವನ್ನು ನಂಬಿ ಕಟ್ಟಿದ ಊರು

ಮೈಸೂರಿನಿಂದ ಹೊರಟ ಬಸ್ಸು ಕುಶಾಲನಗರದ ಬಳಿ ಕಾವೇರಿಯ ಸೇತುವೆ ದಾಟುತ್ತದೆ. ಅಲ್ಲಿಯವರೆಗೆ ಸಮತಟ್ಟಾದ ನೆಲ. ಸುಂಟಿಕೊಪ್ಪ ಬಂತೆಂದರೆ ರಸ್ತೆ ಬಳುಕತೊಡಗುತ್ತದೆ. ಎಡಕ್ಕೂ ಬಲಕ್ಕೂ ಕಾಫಿ ಗಿಡಗಳು, ಅವುಗಳಿಗೆ ನೆರಳು ಕೊಡುವ ಎತ್ತರದ ಮರಗಳು, ಮರಗಳಿಗೆ ಹಬ್ಬಿದ ಮೆಣಸಿನ ಬಳ್ಳಿ. ಗೇರು ಬದಲಿಸಿ ಬದಲಿಸಿ ಬಸ್ಸು ಏರುತ್ತಲೇ ಇರುತ್ತದೆ. ಮಳೆಗಾಲವಾಗಿದ್ದರೆ ಕಿಟಕಿಯಾಚೆ ಬಿಳಿಯ ಮಂಜೊಂದೇ ಕಾಣುವುದು. ಕಂಡಕ್ಟರು "ಮಡಿಕೇರಿ, ಮಡಿಕೇರಿ" ಎಂದು ಕೂಗುತ್ತಾನೆ. ಪ್ರವಾಸಕ್ಕೆ ಬಂದ ಮಕ್ಕಳು ಕಣ್ಣುಜ್ಜಿಕೊಂಡು, "ಅಪ್ಪಾ, ಊರೆಲ್ಲಿ?" ಎಂದು ಕೇಳುತ್ತಾರೆ. ಅಪ್ಪನಿಗೂ ಊರು ಕಂಡಿರುವುದಿಲ್ಲ.

ಸ್ವಲ್ಪ ಹೊತ್ತು ಕಾದರೆ ಮಂಜು ಸರಿಯುತ್ತದೆ. ಮೊದಲು ಒಂದು ಹೆಂಚಿನ ಮಾಡು, ಆಮೇಲೆ ಅದರ ಕೆಳಗೆ ಇನ್ನೊಂದು, ಅದರ ಪಕ್ಕದಲ್ಲಿ ಮೆಟ್ಟಿಲು, ಮೆಟ್ಟಿಲಿನ ತುದಿಗೆ ಒಂದು ಅಂಗಡಿ. ಇಲ್ಲಿ ಒಬ್ಬರ ಮನೆಯ ಅಂಗಳ ಇನ್ನೊಬ್ಬರ ಮನೆಯ ಮಾಡಿಗಿಂತ ಎತ್ತರದಲ್ಲಿರುವುದುಂಟು. ಸಮುದ್ರಮಟ್ಟದಿಂದ ಸುಮಾರು 1,150 ಮೀಟರ್ ಎತ್ತರದಲ್ಲಿರುವ ಈ ಊರಿನಲ್ಲಿ ಸೈಕಲ್ ತುಳಿಯುವವರು ಕಡಿಮೆ. ನಾಲ್ಕು ಹೆಜ್ಜೆ ನಡೆದರೆ ಒಂದೋ ಏರಬೇಕು, ಇಲ್ಲವೇ ಇಳಿಯಬೇಕು. 2011ರ ಜನಗಣತಿಯ ಪ್ರಕಾರ ಇಲ್ಲಿದ್ದ ಜನ 33 ಸಾವಿರ ಚಿಲ್ಲರೆ. ಬೆಂಗಳೂರಿನ ಒಂದು ದೊಡ್ಡ ಬಡಾವಣೆಯಲ್ಲಿ ಇದಕ್ಕಿಂತ ಹೆಚ್ಚು ಜನ ಇರುತ್ತಾರೆ. ಆದರೂ ಈ ಪುಟ್ಟ ಊರು ಒಂದು ಕಾಲಕ್ಕೆ ಅರಸರ ರಾಜಧಾನಿಯಾಗಿತ್ತು, ಮುಂದೆ ಒಂದು ರಾಜ್ಯದ ರಾಜಧಾನಿಯಾಗಿತ್ತು, ಇಂದು ಕೊಡಗು ಜಿಲ್ಲೆಯ ಕೇಂದ್ರ.

ಬೆಟ್ಟದ ಊರು ಎಂದೊಡನೆ ಇಂಗ್ಲಿಷರು ಬೇಸಗೆ ಕಳೆಯಲು ಕಟ್ಟಿದ ಊಟಿ, ಮಸ್ಸೂರಿ, ಡಾರ್ಜಿಲಿಂಗ್‌ಗಳು ನೆನಪಾಗುತ್ತವೆ. ಮಡಿಕೇರಿ ಆ ಸಾಲಿಗೆ ಸೇರಿದ್ದಲ್ಲ. ಊಟಿಯಲ್ಲಿ ಇಂಗ್ಲಿಷರು ಮನೆ ಕಟ್ಟತೊಡಗಿದ್ದು 1820ರ ದಶಕದಲ್ಲಿ. ಆ ಹೊತ್ತಿಗೆ ಮಡಿಕೇರಿಗೆ ಸುಮಾರು 140 ವರ್ಷ ತುಂಬಿತ್ತು. ಇದು ವಿಹಾರಕ್ಕೆಂದು ಹುಟ್ಟಿದ ಊರಲ್ಲ, ರಕ್ಷಣೆಗೆಂದು ಹುಟ್ಟಿದ ಊರು. ಬೆಟ್ಟ ತಮ್ಮನ್ನು ಕಾಯುತ್ತದೆ ಎಂದು ನಂಬಿದವರು ಇದನ್ನು ಕಟ್ಟಿದರು.

ಮುದ್ದುರಾಜನ ಕೇರಿ

ಕೊಡಗನ್ನು ಆಳಿದ ಹಾಲೇರಿ ಅರಸರು ವೀರಶೈವರು. ಅವರ ಮೂಲ ಇಕ್ಕೇರಿಯ ನಾಯಕರ ಮನೆತನ ಎಂದು ಹೇಳುತ್ತಾರೆ. ಆ ವಂಶದ ಮೂಲಪುರುಷ ಜಂಗಮನ ವೇಷದಲ್ಲಿ ಹಾಲೇರಿಗೆ ಬಂದು ನೆಲೆಸಿ, ಕ್ರಮೇಣ ನಾಡಿನ ನಾಯಕರನ್ನು ತನ್ನ ಕಡೆಗೆ ಮಾಡಿಕೊಂಡ ಎಂಬುದು ಪ್ರತೀತಿ. ಈ ವಂಶದ ಮುದ್ದುರಾಜ 1681ರಲ್ಲಿ ತನ್ನ ರಾಜಧಾನಿಯನ್ನು ಹಾಲೇರಿಯಿಂದ ಇಲ್ಲಿಗೆ ತಂದು ಮಣ್ಣಿನ ಕೋಟೆ ಕಟ್ಟಿಸಿದ. ಮುದ್ದುರಾಜಕೇರಿ ಎಂಬ ಹೆಸರೇ ಜನರ ಬಾಯಲ್ಲಿ ಸವೆದು ಮಡಿಕೇರಿಯಾಯಿತು. ಇಂಗ್ಲಿಷರ ನಾಲಿಗೆಯಲ್ಲಿ ಅದು ಮರ್ಕಾರಾ ಆಯಿತು.

ಈ ಜಾಗದಲ್ಲಿ ದೊಡ್ಡ ನದಿಯಿಲ್ಲ, ಗದ್ದೆಬಯಲಿಲ್ಲ, ಬಂದರಂತೂ ದೂರದ ಮಾತು. ಮುದ್ದುರಾಜ ಇಲ್ಲಿಗೇ ಏಕೆ ಬಂದ? ನಕಾಶೆಯನ್ನು ಮುಂದಿಟ್ಟುಕೊಂಡು ನೋಡಿದರೆ ಉತ್ತರ ಸಿಗುತ್ತದೆ. ಮೈಸೂರಿನ ಬಯಲಿನಿಂದ ಕರಾವಳಿಗೆ ಇಳಿಯುವ ದಾರಿ ಘಟ್ಟದ ನೆತ್ತಿಯನ್ನು ಮುಟ್ಟುವುದು ಇಲ್ಲಿಯೇ. ಊರು ದಾಟಿ ಮಂಗಳೂರು ರಸ್ತೆಯಲ್ಲಿ ಇಳಿಯುತ್ತ ಹೋದರೆ ಸಂಪಾಜೆ. ಅಲ್ಲಿ ನೀರಿನ ದಿಕ್ಕೇ ಬದಲಾಗುತ್ತದೆ. ಘಟ್ಟದ ಆ ಮಗ್ಗುಲಿನ ತೊರೆಗಳು ಪಯಸ್ವಿನಿಯಾಗಿ ಸುಳ್ಯದ ಮೇಲೆ ಹಾದು ಅರಬ್ಬಿ ಸಮುದ್ರ ಸೇರುತ್ತವೆ. ಈ ಮಗ್ಗುಲಿಗೆ ಬಿದ್ದ ಮಳೆ, ಅಬ್ಬಿ ಜಲಪಾತವಾಗಿ ಧುಮುಕುವ ತೊರೆಯೂ ಸೇರಿದಂತೆ, ಹಾರಂಗಿಯ ಮೂಲಕ ಕಾವೇರಿಯನ್ನು ಸೇರಿ ಬಂಗಾಳ ಕೊಲ್ಲಿಗೆ ಹೋಗುತ್ತದೆ. ಎರಡು ಕಡಲುಗಳಿಗೆ ನೀರು ಹಂಚುವ ಏಣಿನ ಮೇಲೆ ಕುಳಿತವನಿಗೆ ಎರಡೂ ಕಡೆಯಿಂದ ಬರುವ ದಾರಿಗಳ ಮೇಲೆ ಕಣ್ಣಿಡುವುದು ಸುಲಭ. ಸುತ್ತ ಕಾಡು, ನಡುವೆ ಗುಡ್ಡ, ವರ್ಷದ ನಾಲ್ಕು ತಿಂಗಳು ಬಿಡದ ಮಳೆ. ಬಯಲುಸೀಮೆಯ ದಂಡು ಇಂಥ ಕಡೆ ಬಂದರೂ ನಿಲ್ಲುವುದು ಕಷ್ಟ ಎಂಬ ಲೆಕ್ಕಾಚಾರ ಅರಸನದು.

ಒಂದು ಕೋಟೆ, ಹಲವು ಕೈಗಳು

ಕೊಡಗಿನ ಚರಿತ್ರೆಯನ್ನು ಓದಲು ಪುಸ್ತಕವೇ ಬೇಕೆಂದಿಲ್ಲ, ಮಡಿಕೇರಿಯ ಕೋಟೆಯೊಳಗೆ ಒಂದು ಸುತ್ತು ಬಂದರೂ ಸಾಕು. ಆಳಿದವರೆಲ್ಲ ಅಲ್ಲಿ ತಮ್ಮ ಗುರುತು ಬಿಟ್ಟು ಹೋಗಿದ್ದಾರೆ.

ಮುದ್ದುರಾಜನ ಮಣ್ಣಿನ ಕೋಟೆಯನ್ನು ಕಲ್ಲಿನಲ್ಲಿ ಮತ್ತೆ ಕಟ್ಟಿಸಿದವನು ಟಿಪ್ಪು ಸುಲ್ತಾನ. ಹೈದರನ ಕಾಲದಲ್ಲಿ ಮೈಸೂರಿನ ಹಿಡಿತಕ್ಕೆ ಬಂದ ಕೊಡಗು ಟಿಪ್ಪುವಿನ ಕಾಲದಲ್ಲಿ ಬಹಳ ನೋವುಂಡಿತು. ಊರಿಗೆ ಅವನು ಜಾಫರಾಬಾದ್ ಎಂದು ಹೆಸರಿಟ್ಟ. ಹೆಸರು ನಿಲ್ಲಲಿಲ್ಲ, ಕಲ್ಲಿನ ಗೋಡೆ ಮಾತ್ರ ನಿಂತಿತು. ಪಿರಿಯಾಪಟ್ಟಣದಲ್ಲಿ ಸೆರೆಯಲ್ಲಿದ್ದ ದೊಡ್ಡ ವೀರರಾಜೇಂದ್ರ 1788ರಲ್ಲಿ ತಪ್ಪಿಸಿಕೊಂಡು ಬಂದು ಜನರನ್ನು ಕೂಡಿಸಿದ. 1790ರಲ್ಲಿ ಈಸ್ಟ್ ಇಂಡಿಯಾ ಕಂಪೆನಿಯೊಂದಿಗೆ ಒಪ್ಪಂದ ಮಾಡಿಕೊಂಡ. ಟಿಪ್ಪು ಕಟ್ಟಿಸಿದ ಕೋಟೆ ಅವನ ಕೈಗೆ ಬಂತು. ವಿರಾಜಪೇಟೆಯನ್ನು ಕಟ್ಟಿಸಿದವನೂ ಇವನೇ. ತನ್ನ ವಂಶದ ಚರಿತ್ರೆಯನ್ನು 'ರಾಜೇಂದ್ರನಾಮೆ' ಎಂಬ ಹೆಸರಿನಲ್ಲಿ ಇವನು ಬರೆಯಿಸಿದ್ದು ಕನ್ನಡದಲ್ಲಿ ಎಂಬುದನ್ನು ಕನ್ನಡಿಗರು ನೆನೆಯಬೇಕು.

ಕೋಟೆಯೊಳಗಿನ ಅರಮನೆಯನ್ನು ಇಂದಿನ ರೂಪಕ್ಕೆ ತಂದವನು ಅವನ ತಮ್ಮ ಲಿಂಗರಾಜೇಂದ್ರ. 1812ರಿಂದ 1814ರ ನಡುವೆ ಇಟ್ಟಿಗೆ ಗಾರೆಗಳಿಂದ ಕಟ್ಟಿಸಿದ ಎರಡು ಅಂತಸ್ತಿನ ಕಟ್ಟಡ ಅದು. ಒಳಗಿನ ಅಂಗಳದಲ್ಲಿ ವಿಜಯರಾಜೇಂದ್ರ ಎಂಬ ಹೆಸರು ಕೊರೆದ ಕಲ್ಲಿನ ಆಮೆಯೊಂದಿದೆ. ಹೊರಗೆ ಆನೆಯಷ್ಟೇ ದೊಡ್ಡ ಎರಡು ಗಾರೆಯ ಆನೆಗಳು ನಿಂತಿವೆ. ಮಕ್ಕಳು ಮೊದಲು ಓಡುವುದು ಅವುಗಳ ಬಳಿಗೆ. ಅರಸ ಸಿಟ್ಟಿನ ಭರದಲ್ಲಿ ತನ್ನ ಪಟ್ಟದ ಆನೆಗಳನ್ನು ಕೊಲ್ಲಿಸಿ, ಆಮೇಲೆ ಪಶ್ಚಾತ್ತಾಪಪಟ್ಟು ಇವನ್ನು ಮಾಡಿಸಿದ ಎಂಬ ಕಥೆಯಿದೆ. ಕಥೆ ನಿಜವೋ ಅಲ್ಲವೋ, ಕಡೆಕಡೆಯ ಹಾಲೇರಿ ಅರಸರ ಸಿಟ್ಟನ್ನು ಜನ ಹೇಗೆ ನೆನಪಿಟ್ಟುಕೊಂಡಿದ್ದಾರೆ ಎಂಬುದಂತೂ ಅದರಿಂದ ತಿಳಿಯುತ್ತದೆ.

ಕೋಟೆಯ ಗಣಪತಿ ಗುಡಿಯಲ್ಲಿ ಇಂದಿಗೂ ಪೂಜೆ ನಡೆಯುತ್ತದೆ. ಕೂಗಳತೆಯಲ್ಲಿ ಇಂಗ್ಲಿಷರು 1850ರ ದಶಕದಲ್ಲಿ ಕಟ್ಟಿದ ಸೇಂಟ್ ಮಾರ್ಕ್ಸ್ ಚರ್ಚಿನ ಕಟ್ಟಡವಿದೆ. ಸ್ವಾತಂತ್ರ್ಯಾನಂತರ ಅದು ರಾಜ್ಯ ಪ್ರಾಚ್ಯವಸ್ತು ಇಲಾಖೆಗೆ ಸೇರಿ ವಸ್ತುಸಂಗ್ರಹಾಲಯವಾಯಿತು. ಚರ್ಚಿನ ಬಣ್ಣದ ಗಾಜಿನ ಕಿಟಕಿಯ ಬೆಳಕಿನಲ್ಲಿ ಹಳೆಯ ವಿಗ್ರಹಗಳೂ ವೀರಗಲ್ಲುಗಳೂ ನಿಂತಿವೆ. 1933ರಲ್ಲಿ ಇಂಗ್ಲಿಷರು ಅರಮನೆಗೆ ಗಡಿಯಾರದ ಗೋಪುರ ಸೇರಿಸಿದರು. ಜೊತೆಗೆ ಕಮಿಷನರ್ ಸಾಹೇಬರ ಕಾರು ಮಳೆಯಲ್ಲಿ ನೆನೆಯದಂತೆ ನಿಲ್ಲಲು ಒಂದು ಮುಖಮಂಟಪವನ್ನೂ ಕಟ್ಟಿಸಿದರು! ಸ್ವತಂತ್ರ ಭಾರತದಲ್ಲಿ ಅದೇ ಅರಮನೆಯಲ್ಲಿ ಬಹುಕಾಲ ಜಿಲ್ಲಾ ಕಚೇರಿಗಳು ನಡೆದವು. ಅರಸನ ಅಪ್ಪಣೆ ಹೊರಡುತ್ತಿದ್ದ ಕಡೆಯಲ್ಲಿ ರೈತ ಪಹಣಿ ಪತ್ರಕ್ಕಾಗಿ ಸಾಲಿನಲ್ಲಿ ನಿಂತ.

ಕೋಟೆಯಿಂದ ಇಳಿದರೆ ಓಂಕಾರೇಶ್ವರ ದೇವಾಲಯ. ಲಿಂಗರಾಜೇಂದ್ರ 1820ರಲ್ಲಿ ಕಟ್ಟಿಸಿದ್ದು. ಮೇಲೆ ದುಂಡನೆಯ ಗುಮ್ಮಟ, ನಾಲ್ಕು ಮೂಲೆಗೆ ನಾಲ್ಕು ಮಿನಾರಿನಂಥ ಗೋಪುರ. ದೂರದಿಂದ ನೋಡಿದವರು ದರ್ಗಾ ಎಂದುಕೊಂಡರೆ ಆಶ್ಚರ್ಯವಿಲ್ಲ. ಒಳಗಿರುವುದು ಕಾಶಿಯಿಂದ ತಂದ ಲಿಂಗ. ಒಬ್ಬ ಬ್ರಾಹ್ಮಣನನ್ನು ಕೊಲ್ಲಿಸಿದ ಪಾಪ ಬ್ರಹ್ಮರಾಕ್ಷಸವಾಗಿ ಅರಸನನ್ನು ಕಾಡಿತು, ಅದರ ಪರಿಹಾರಕ್ಕೆ ಗುಡಿ ಕಟ್ಟಿಸಿದ ಎಂಬುದು ಐತಿಹ್ಯ. ಊರಿನ ಇನ್ನೊಂದು ತುದಿಯಲ್ಲಿ, ಮಹದೇವಪೇಟೆಯ ಆಚೆ, ಅರಸರ ಸಮಾಧಿಗಳಿರುವ ಗದ್ದಿಗೆ ಇದೆ. ಅಲ್ಲಿಯೂ ಅದೇ ಗುಮ್ಮಟ, ಅದೇ ಗೋಪುರ. ದೊಡ್ಡ ವೀರರಾಜೇಂದ್ರನೂ ಲಿಂಗರಾಜೇಂದ್ರನೂ ಅಲ್ಲಿ ಮಲಗಿದ್ದಾರೆ. ಪಕ್ಕದಲ್ಲೇ ಟಿಪ್ಪುವಿನ ಸೈನ್ಯದೊಡನೆ ಹೋರಾಡಿ ಮಡಿದ ಬಿದ್ದಂಡ ಬೋಪು ಮತ್ತು ಅವನ ಮಗ ಸೋಮಯ್ಯನ ಸಮಾಧಿಗಳಿವೆ. ಟಿಪ್ಪುವಿನೊಡನೆ ಕಾದಾಡಿದ ಮನೆತನವೇ ತನ್ನ ದೇವರಿಗೂ ತನ್ನ ಹಿರಿಯರಿಗೂ ಗುಮ್ಮಟ ಕಟ್ಟಿತು. ಯುದ್ಧ ಬೇರೆ, ಕಸುಬು ಬೇರೆ. ಕಟ್ಟುವವರ ಕೈಗೆ ಚೆಂದ ಕಂಡದ್ದನ್ನು ಅರಸರು ಬೇಡವೆನ್ನಲಿಲ್ಲ.

ಅರಸ ಹೋದ, ಕಾಫಿ ಬಂತು

ಬೆಟ್ಟ ಕಾಯುತ್ತದೆ ಎಂಬ ನಂಬಿಕೆ 1834ರಲ್ಲಿ ಕೊನೆಗೊಂಡಿತು. ಕಂಪೆನಿಯ ಸೈನ್ಯ ಹಲವು ದಾರಿಗಳಿಂದ ಕೊಡಗನ್ನು ಹೊಕ್ಕಿತು. ಏಪ್ರಿಲ್ ತಿಂಗಳಲ್ಲಿ ಕರ್ನಲ್ ಫ್ರೇಸರ್ ಮಡಿಕೇರಿಯ ಕೋಟೆಗೆ ಬಂದ. ಕಡೆಯ ಅರಸ ಚಿಕ್ಕವೀರರಾಜೇಂದ್ರ ಶರಣಾದ. ಅವನನ್ನು ಕಾಶಿಗೆ ಕಳುಹಿಸಿದರು. ಅವನ ಮುಂದಿನ ಕಥೆ ಇನ್ನೂ ವಿಚಿತ್ರ. ಕಂಪೆನಿಯಲ್ಲಿದ್ದ ತನ್ನ ಮನೆತನದ ಹಣವನ್ನು ಪಡೆಯಬೇಕೆಂದು 1852ರಲ್ಲಿ ಮಗಳು ಗೌರಮ್ಮನನ್ನು ಕರೆದುಕೊಂಡು ಅವನು ಲಂಡನ್ನಿಗೆ ಹೋದ. ಆ ಹುಡುಗಿ ಕ್ರೈಸ್ತಳಾದಳು. ವಿಕ್ಟೋರಿಯಾ ರಾಣಿಯೇ ಧರ್ಮಮಾತೆಯಾಗಿ ನಿಂತಳು. ಹಣ ಬರಲಿಲ್ಲ. ಅರಸ 1859ರಲ್ಲಿ ಲಂಡನ್ನಿನಲ್ಲೇ ತೀರಿಕೊಂಡ, ಮಗಳು 1864ರಲ್ಲಿ. ಮಾಸ್ತಿಯವರ 'ಚಿಕವೀರ ರಾಜೇಂದ್ರ' ಕಾದಂಬರಿ ಇದೇ ಅರಸನ ಪತನವನ್ನು ಕುರಿತದ್ದು. 1983ರ ಜ್ಞಾನಪೀಠ ಪ್ರಶಸ್ತಿಯೊಂದಿಗೆ ಆ ಕೃತಿಯ ಹೆಸರು ದೇಶಕ್ಕೆಲ್ಲ ತಿಳಿಯಿತು. ಅದನ್ನು ಓದಿ ಮಡಿಕೇರಿಗೆ ಬಂದವರಿಗೆ ಅರಮನೆಯ ಅಂಗಳ ಖಾಲಿಯಾಗಿ ಕಾಣುವುದಿಲ್ಲ.

ಅರಸ ಹೋದ ಮಾತ್ರಕ್ಕೆ ಎಲ್ಲರೂ ತಲೆಬಾಗಿದರೆಂದಲ್ಲ. ಕಂಪೆನಿ ಅಮರ ಸುಳ್ಯ ಮತ್ತು ಪುತ್ತೂರು ಸೀಮೆಗಳನ್ನು ಕೊಡಗಿನಿಂದ ಬೇರ್ಪಡಿಸಿ ಕೆನರಾ ಜಿಲ್ಲೆಗೆ ಸೇರಿಸಿತು. ದವಸದ ರೂಪದಲ್ಲಿ ಕೊಡುತ್ತಿದ್ದ ಕಂದಾಯವನ್ನು ನಗದಾಗಿ ಕೇಳಿತು. ಕೈಯಲ್ಲಿ ಕಾಸಿಲ್ಲದ ರೈತ ಸಾಲಗಾರನ ಬಾಗಿಲಿಗೆ ಹೋಗಬೇಕಾಯಿತು. 1837ರಲ್ಲಿ ಆ ಸೀಮೆಯ ರೈತರು ದಂಗೆಯೆದ್ದು ಮಂಗಳೂರಿನವರೆಗೆ ನಡೆದರು. 1857ರ ದೊಡ್ಡ ದಂಗೆಗೆ ಇಪ್ಪತ್ತು ವರ್ಷ ಮೊದಲು! ದಂಗೆಯನ್ನು ಅಡಗಿಸಿದ ಮೇಲೆ ಅದರ ನಾಯಕರಲ್ಲೊಬ್ಬರಾದ ಗುಡ್ಡೆಮನೆ ಅಪ್ಪಯ್ಯಗೌಡರನ್ನು 1837ರ ಅಕ್ಟೋಬರ್ 31ರಂದು ಇದೇ ಮಡಿಕೇರಿ ಕೋಟೆಯ ಬಳಿ, ಮನೆಯವರ ಕಣ್ಣೆದುರಿನಲ್ಲೇ, ಗಲ್ಲಿಗೇರಿಸಿದರು. ಊರಿನಲ್ಲಿ ಅವರ ಪ್ರತಿಮೆಯಿದೆ. ರಾಜಾಸೀಟಿಗೆ ಹೋಗುವ ಅವಸರದಲ್ಲಿ ಪ್ರವಾಸಿಗರು ಅದರ ಮುಂದೆ ನಿಲ್ಲುವುದು ಕಡಿಮೆ.

ಮುಂದೆ ಬೆಟ್ಟದ ರೂಪವನ್ನೇ ಬದಲಿಸಿದ್ದು ಯುದ್ಧವಲ್ಲ, ಒಂದು ಬೆಳೆ. ಫೌಲರ್ ಎಂಬ ಇಂಗ್ಲಿಷರವನು 1854ರಲ್ಲಿ ಮಡಿಕೇರಿಯ ಬಳಿ ಕಾಫಿ ತೋಟ ಮಾಡಿದ. ಕಾಫಿ ಗಿಡ ಕೊಡಗಿಗೆ ಅದಕ್ಕೆ ಮೊದಲೇ ಬಂದಿತ್ತು. ಆದರೆ ಯುರೋಪಿಯನ್ನರ ದೊಡ್ಡ ತೋಟಗಳ ಕಾಲ ಆರಂಭವಾದದ್ದು ಅಲ್ಲಿಂದ. ಕಾಡು ತೋಟವಾಯಿತು. ತೋಟಕ್ಕೆ ಕೂಲಿ ಬೇಕಾಯಿತು, ಕೂಲಿಗೆ ಅಕ್ಕಿ ಬೇಕಾಯಿತು, ಅಕ್ಕಿಗೆ ಅಂಗಡಿ ಬೇಕಾಯಿತು. ಹೀಗೆ ಅರಸರ ಊರು ವ್ಯಾಪಾರದ ಊರೂ ಆಯಿತು. ಕರಾವಳಿಯಿಂದ, ಮಲಬಾರಿನಿಂದ, ಮೈಸೂರು ಸೀಮೆಯಿಂದ ಜನ ಬಂದು ನೆಲೆಸಿದರು. ಶುಕ್ರವಾರದ ಸಂತೆಯಲ್ಲಿ ಸ್ವಲ್ಪ ಹೊತ್ತು ಕಿವಿಗೊಟ್ಟು ನಿಂತರೆ ಕೊಡವ ತಕ್ಕ್, ಅರೆಭಾಷೆ, ತುಳು, ಮಲಯಾಳಂ, ಉರ್ದು, ಕೊಂಕಣಿ ಎಲ್ಲವೂ ಕೇಳಿಸುತ್ತವೆ. ಇವರೆಲ್ಲ ಒಬ್ಬರೊಡನೊಬ್ಬರು ವ್ಯವಹರಿಸುವ ಭಾಷೆ ಕನ್ನಡ. ಕೊಡವ ಮತ್ತು ಅರೆಭಾಷೆಗಳ ಸಾಹಿತ್ಯ ಅಕಾಡೆಮಿಗಳು ಇರುವುದೂ ಈ ಊರಿನಲ್ಲೇ.

ಪುಟ್ಟ ರಾಜ್ಯದ ರಾಜಧಾನಿ

ಇಂದಿನ ವಿದ್ಯಾರ್ಥಿಗಳಲ್ಲಿ ಅನೇಕರಿಗೆ ತಿಳಿಯದ ಸಂಗತಿಯೊಂದಿದೆ. ಸ್ವಾತಂತ್ರ್ಯದ ನಂತರ ಕೊಡಗು ಒಂದು ಪ್ರತ್ಯೇಕ ರಾಜ್ಯವಾಗಿತ್ತು! ಅದರ ವಿಸ್ತೀರ್ಣ ಸುಮಾರು 4,100 ಚದರ ಕಿಲೋಮೀಟರ್, ರಾಜಧಾನಿ ಮಡಿಕೇರಿ. 1952ರ ಚುನಾವಣೆಯಲ್ಲಿ ವಿಧಾನಸಭೆಗೆ ಆಯ್ಕೆಯಾದ ಸದಸ್ಯರು 24 ಮಂದಿ. ಸಿ.ಎಂ. ಪೂಣಚ್ಚ ಮುಖ್ಯಮಂತ್ರಿಯಾದರು. ಪ್ರತ್ಯೇಕವಾಗಿಯೇ ಉಳಿಯಬೇಕು ಎನ್ನುವವರೂ ಕನ್ನಡ ನಾಡಿನೊಂದಿಗೆ ಸೇರಬೇಕು ಎನ್ನುವವರೂ ಊರಿನ ಬೀದಿಬೀದಿಯಲ್ಲಿ ವಾದಿಸಿದರು. ಕಡೆಗೆ 1956ರ ನವೆಂಬರ್ 1ರಂದು ಕೊಡಗು ವಿಶಾಲ ಮೈಸೂರು ರಾಜ್ಯದ ಒಂದು ಜಿಲ್ಲೆಯಾಯಿತು. ನಾವು ಪ್ರತಿವರ್ಷ ಆಚರಿಸುವ ರಾಜ್ಯೋತ್ಸವದ ದಿನ ಮಡಿಕೇರಿಯ ಪಾಲಿಗೆ ರಾಜಧಾನಿಯ ಪಟ್ಟ ಇಳಿದ ದಿನವೂ ಹೌದು.

ಪಟ್ಟ ಇಳಿದರೂ ಊರಿನ ಹೆಸರು ಇಳಿಯಲಿಲ್ಲ. ಸ್ವತಂತ್ರ ಭಾರತದ ಸೇನೆಯ ಮೊದಲ ಭಾರತೀಯ ಮಹಾದಂಡನಾಯಕರಾಗಿ 1949ರ ಜನವರಿ 15ರಂದು ಅಧಿಕಾರ ವಹಿಸಿಕೊಂಡ ಕೆ.ಎಂ. ಕಾರ್ಯಪ್ಪ ಓದಿದ್ದು ಮಡಿಕೇರಿಯ ಸೆಂಟ್ರಲ್ ಹೈಸ್ಕೂಲಿನಲ್ಲಿ. ನಿವೃತ್ತಿಯ ನಂತರ ನೆಲೆಸಿದ್ದೂ ಇದೇ ಊರಿನ 'ರೋಶನಾರಾ' ಎಂಬ ಮನೆಯಲ್ಲಿ. 1957ರಿಂದ 1961ರವರೆಗೆ ಭೂಸೇನೆಯ ಮುಖ್ಯಸ್ಥರಾಗಿದ್ದ ಕೆ.ಎಸ್. ತಿಮ್ಮಯ್ಯ ಹುಟ್ಟಿದ್ದು ಮಡಿಕೇರಿಯಲ್ಲಿ, 1906ರಲ್ಲಿ. ವಿಶ್ವಸಂಸ್ಥೆಯ ಶಾಂತಿಪಡೆಯ ನಾಯಕರಾಗಿ ಸೈಪ್ರಸ್ ದ್ವೀಪದಲ್ಲಿದ್ದಾಗ 1965ರಲ್ಲಿ ಅವರು ತೀರಿಕೊಂಡರು. ಅವರ ಮನೆ 'ಸನ್ನಿ ಸೈಡ್' 2021ರಲ್ಲಿ ವಸ್ತುಸಂಗ್ರಹಾಲಯವಾಗಿ ತೆರೆಯಿತು. ಶಾಲಾ ಪ್ರವಾಸದ ಪಟ್ಟಿಯಲ್ಲಿ ಅದು ಇರಲೇಬೇಕು.

ಖಡ್ಗದ ಜೊತೆಗೆ ಲೇಖನಿಯೂ ಇಲ್ಲಿತ್ತು. ಮಕ್ಕಳ ಪದ್ಯಗಳಿಂದ ಮನೆಮಾತಾದ ಪಂಜೆ ಮಂಗೇಶರಾಯರು ಮಡಿಕೇರಿಯ ಹೈಸ್ಕೂಲಿನಲ್ಲಿ ಮುಖ್ಯೋಪಾಧ್ಯಾಯರಾಗಿದ್ದರು. ಕೊಡಗಿನ ಹುತ್ತರಿ ಹಬ್ಬದ ಮೇಲೆ ಅವರು ಬರೆದ 'ಹುತ್ತರಿ ಹಾಡು' ಇಲ್ಲಿನವರ ನಾಡಗೀತೆಯಂತೆಯೇ ಆಗಿಹೋಯಿತು. ಹೊರಗಿನಿಂದ ಬಂದ ಮೇಷ್ಟರೊಬ್ಬರು ಊರಿನ ಜನರಿಗೆ ಅವರದೇ ಹಾಡನ್ನು ಕೊಟ್ಟು ಹೋದರು! ಕನ್ನಡದ ಮೊದಲ ತಲೆಮಾರಿನ ಕಥೆಗಾರ್ತಿಯರಲ್ಲಿ ಒಬ್ಬರಾದ ಕೊಡಗಿನ ಗೌರಮ್ಮ 1912ರಲ್ಲಿ ಹುಟ್ಟಿದ್ದು ಇಲ್ಲಿ. 1934ರಲ್ಲಿ ಗಾಂಧೀಜಿ ಕೊಡಗಿಗೆ ಬಂದಾಗ ಅವರು ತಮ್ಮ ಮನೆಗೆ ಬರಲೇಬೇಕೆಂದು ಹಟ ಹಿಡಿದು, ಮೈಮೇಲಿನ ಒಡವೆಗಳನ್ನು ಹರಿಜನ ನಿಧಿಗೆ ಕೊಟ್ಟ ಹೆಣ್ಣುಮಗಳು ಈಕೆ. 1939ರಲ್ಲಿ ಈಜಲು ಹೋಗಿ ನೀರುಪಾಲಾದಾಗ ಅವರಿಗೆ ಇನ್ನೂ ಇಪ್ಪತ್ತೇಳು. ಇನ್ನು ಮಡಿಕೇರಿಯ ಮಂಜನ್ನು ಕನ್ನಡಿಗರೆಲ್ಲರ ಮನೆಗೆ ತಂದವರು ಜಿ.ಪಿ. ರಾಜರತ್ನಂ. ಅವರ ರತ್ನ ಕಂಡ ಮಂಜನ್ನು ಕಾಣಬೇಕೆಂದೇ ಈ ಊರಿಗೆ ಬಂದವರಿದ್ದಾರೆ.

ಮಳೆ ಕಲಿಸಿದ ಬಾಳು

ಪ್ರವಾಸಿಗರು ಕಾಣುವ ಮಡಿಕೇರಿ ಚಳಿಗಾಲದ, ಬೇಸಗೆಯ ಮಡಿಕೇರಿ. ಊರಿನವರ ಮಡಿಕೇರಿ ಮಳೆಯದು. ವರ್ಷಕ್ಕೆ ಸರಾಸರಿ 3,000 ಮಿಲಿಮೀಟರಿಗೂ ಹೆಚ್ಚು ಮಳೆ, ಅದರಲ್ಲಿ ಹೆಚ್ಚಿನ ಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲಿ. ಜುಲೈನಲ್ಲಿ ಒಗೆದ ಬಟ್ಟೆ ಒಣಗಬೇಕಾದರೆ ಒಲೆಯ ಮೇಲೆ ಹಗ್ಗ ಕಟ್ಟಬೇಕು. ಚಪ್ಪಲಿಗೆ ಬೂಷ್ಟು, ಗೋಡೆಗೆ ಪಾಚಿ, ಪುಸ್ತಕಕ್ಕೆ ತೇವದ ವಾಸನೆ. ಬೇರೆ ಊರಿನ ಮಕ್ಕಳಿಗೆ ಬೇಸಗೆ ರಜೆ, ದಸರಾ ರಜೆ ಎರಡೇ ಗೊತ್ತು. ಇಲ್ಲಿನ ಮಕ್ಕಳಿಗೆ ಮಳೆಯ ರಜೆಯೂ ಉಂಟು. ಮಾರ್ಚಿಯಲ್ಲಿ ಬೀಳುವ ಒಂದೆರಡು ಮಳೆಯನ್ನು ಇಲ್ಲಿ 'ಹೂಮಳೆ' ಎನ್ನುತ್ತಾರೆ. ಅದು ಸರಿಯಾಗಿ ಬಿದ್ದರೆ ಕಾಫಿ ಗಿಡ ಬೆಳ್ಳಗೆ ಹೂವಾಗಿ ಊರೆಲ್ಲ ಮಲ್ಲಿಗೆಯಂತೆ ಗಮಗಮಿಸುತ್ತದೆ. ಬೀಳದಿದ್ದರೆ ಆ ವರ್ಷದ ಮನೆಖರ್ಚಿನ ಲೆಕ್ಕವೇ ಬದಲಾಗುತ್ತದೆ.

ಮಳೆ ನಿಂತ ಮೇಲೆ ಹಬ್ಬಗಳ ಸಾಲು. ಮಡಿಕೇರಿಯ ದಸರಾ ಮೈಸೂರಿನದರಂತೆ ಅರಮನೆಯ ಹಬ್ಬವಲ್ಲ, ಬೀದಿಯ ಹಬ್ಬ. ಹಿಂದೊಮ್ಮೆ ಊರಿಗೆ ಮಾರಿಬೇನೆ ಬಂದಾಗ ದೇವಿಯರನ್ನು ಊರಿನಲ್ಲಿ ಮೆರೆಸಿದ್ದರಿಂದ ಇದು ಆರಂಭವಾಯಿತೆಂದು ಹಿರಿಯರು ಹೇಳುತ್ತಾರೆ. ಕುಂದುರುಮೊಟ್ಟೆ ಚೌಟಿ ಮಾರಿಯಮ್ಮ, ದಂಡಿನ ಮಾರಿಯಮ್ಮ, ಕಂಚಿ ಕಾಮಾಕ್ಷಿಯಮ್ಮ, ಕೋಟೆ ಮಾರಿಯಮ್ಮ, ಈ ನಾಲ್ಕು ದೇವಿಯರ ಕರಗಗಳೊಂದಿಗೆ ಹಬ್ಬ ತೊಡಗುತ್ತದೆ. ವಿಜಯದಶಮಿಯ ರಾತ್ರಿ ಹತ್ತು ದೇವಾಲಯಗಳ ಮಂಟಪಗಳು ಬೆಳಗಿನ ಜಾವದವರೆಗೆ ಬೀದಿಯಲ್ಲಿ ಸಾಗುತ್ತವೆ. ಮಂಟಪಗಳಲ್ಲಿ ಪುರಾಣದ ಕಥೆಗಳು, ಅಲುಗಾಡುವ ರಾಕ್ಷಸರು, ಹೊಗೆ, ದೀಪ, ಸದ್ದು. ಕಣ್ಣಿಗೆ ನಿದ್ದೆ ಹತ್ತಿದ ಮಕ್ಕಳು ಅಪ್ಪಂದಿರ ಹೆಗಲ ಮೇಲೆ. ಹುತ್ತರಿಯ ಕಾಲಕ್ಕೆ ಕೋಟೆಯ ಆವರಣದಲ್ಲಿ ಕೋಲಾಟ.

2018ರ ಆಗಸ್ಟ್

ಈ ಊರಿನ ಚರಿತ್ರೆಯನ್ನು 2018ಕ್ಕೆ ಮೊದಲು ಬರೆದಿದ್ದರೆ ಇಲ್ಲಿಗೇ ಮುಗಿಸಬಹುದಿತ್ತು. ಆ ವರ್ಷದ ಆಗಸ್ಟ್ ನಡುವಿನಲ್ಲಿ ಬಿಡದೆ ಸುರಿದ ಮಳೆಗೆ ಮಡಿಕೇರಿ ಸುತ್ತಿನ ಗುಡ್ಡಗಳು ಜಾರಿದವು. ಮಕ್ಕಂದೂರು, ಮುಕ್ಕೋಡ್ಲು, ಹಟ್ಟಿಹೊಳೆ, ಮೊಣ್ಣಂಗೇರಿ, ಜೋಡುಪಾಲ ಎಂಬ ಹೆಸರುಗಳು ಒಂದೇ ವಾರದಲ್ಲಿ ರಾಜ್ಯಕ್ಕೆಲ್ಲ ತಿಳಿದವು. ತೋಟವಿದ್ದ ಕಡೆ ಕೆಂಪು ಮಣ್ಣಿನ ಗಾಯ, ಗದ್ದೆಯಿದ್ದ ಕಡೆ ಕೆಸರಿನ ಹೊಳೆ. ಹಲವರು ಪ್ರಾಣ ಕಳೆದುಕೊಂಡರು, ಸಾವಿರಾರು ಜನ ಉಟ್ಟ ಬಟ್ಟೆಯಲ್ಲಿ ಮನೆ ಬಿಟ್ಟು ಬಂದರು. ಊರಿನೊಳಗೂ ಇಳಿಜಾರಿನ ಬಡಾವಣೆಗಳಲ್ಲಿ ಮನೆಗಳು ಕುಸಿದವು. ಶಾಲೆಗಳು, ಕಲ್ಯಾಣ ಮಂಟಪಗಳು ಪರಿಹಾರ ಕೇಂದ್ರಗಳಾದವು. ಜಂಬೂರು, ಮದೆ ಮೊದಲಾದ ಕಡೆ ನೆಲೆ ಕಳೆದುಕೊಂಡವರಿಗೆ ಮನೆ ಕಟ್ಟಿಕೊಡಲು ಎರಡು ವರ್ಷಗಳೇ ಹಿಡಿದವು.

ಗುಡ್ಡ ಏಕೆ ಜಾರುತ್ತದೆ? ಶಾಲೆಯ ವಿಜ್ಞಾನ ಪಾಠದಷ್ಟೇ ಸರಳವಾಗಿ ಇದನ್ನು ತಿಳಿಯಬಹುದು. ಇಲ್ಲಿನ ಗುಡ್ಡಗಳಲ್ಲಿ ಗಟ್ಟಿ ಬಂಡೆಯ ಮೇಲೆ ದಪ್ಪನೆಯ ಮಣ್ಣಿನ ಹೊದಿಕೆಯಿದೆ. ಒಣಗಿದ್ದಾಗ ಮಣ್ಣಿನ ಕಣಗಳು ಒಂದನ್ನೊಂದು ಒತ್ತಿ ಹಿಡಿದಿರುತ್ತವೆ. ದಿನಗಟ್ಟಲೆ ಮಳೆ ಸುರಿದಾಗ ಕಣಗಳ ನಡುವಿನ ಸಂದುಗಳಲ್ಲಿ ನೀರು ತುಂಬುತ್ತದೆ. ಮಣ್ಣಿನ ಭಾರ ಹೆಚ್ಚುತ್ತದೆ, ಆದರೆ ನೀರಿನ ಒತ್ತಡದಿಂದ ಕಣಗಳ ಹಿಡಿತ ಸಡಿಲವಾಗುತ್ತದೆ. ಆಗ ಗುಡ್ಡವನ್ನು ತಡೆದು ನಿಲ್ಲಿಸುವುದು ಅದರ ಬುಡ. ರಸ್ತೆಗೆಂದೋ ಮನೆಗೆಂದೋ ಆ ಬುಡವನ್ನು ಗೋಡೆಯಂತೆ ನೆಟ್ಟಗೆ ಕಡಿದಿದ್ದರೆ ಮೇಲಿನ ಮಣ್ಣಿಗೆ ಆಸರೆಯೇ ಇರುವುದಿಲ್ಲ. ನೀರು ಹರಿಯುವ ತೋಡನ್ನು ಮುಚ್ಚಿದ್ದರೆ ನೀರು ಗುಡ್ಡದೊಳಗೇ ಇಳಿಯುತ್ತದೆ. ಹೀಗೆ ಕಡಿದ ಮಗ್ಗುಲನ್ನು ಇಲ್ಲಿನವರು 'ಬರೆ' ಎನ್ನುತ್ತಾರೆ. ಮಳೆಗಾಲದ ಪತ್ರಿಕೆಗಳಲ್ಲಿ 'ಬರೆ ಕುಸಿತ' ಎಂಬ ಸುದ್ದಿ ಮತ್ತೆ ಮತ್ತೆ ಬರುತ್ತದೆ. 2018ರ ಕುಸಿತಗಳನ್ನು ಪರಿಶೀಲಿಸಿದ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯೂ ವಿಪರೀತ ಮಳೆಯ ಜೊತೆಗೆ ಮನುಷ್ಯ ಇಳಿಜಾರುಗಳ ರೂಪ ಬದಲಿಸಿದ್ದನ್ನು ಕಾರಣವಾಗಿ ಎತ್ತಿ ಹೇಳಿತು.

ಹಾಗೆಂದು ಬೆಟ್ಟದಲ್ಲಿ ಯಾರೂ ಮನೆ ಕಟ್ಟಬಾರದೇ? ಮುನ್ನೂರು ವರ್ಷಗಳಿಂದ ಜನ ಇಲ್ಲಿ ಬಾಳಿದ್ದಾರೆ. ಹಳೆಯ ಮನೆಗಳು ಗುಡ್ಡದ ಮೈಯನ್ನು ಅನುಸರಿಸಿ, ಮಾಡಿನ ನೀರು ಎಲ್ಲಿಗೆ ಹೋಗಬೇಕೆಂದು ನೋಡಿಕೊಂಡು ನಿಂತವು. ಆಗ ಜನ ಕಡಿಮೆ, ಕಟ್ಟಡ ಚಿಕ್ಕದು, ಮಣ್ಣು ತೆಗೆಯಲು ಗುದ್ದಲಿಯೇ ಗತಿ. ಈಗ ಒಂದು ಯಂತ್ರ ಒಂದು ದಿನದಲ್ಲಿ ತೆಗೆಯುವ ಮಣ್ಣನ್ನು ಆಗ ಒಂದು ತಿಂಗಳಾದರೂ ತೆಗೆಯಲಾಗುತ್ತಿರಲಿಲ್ಲ. ಬೇಡಿಕೆಯೂ ಹೆಚ್ಚಿದೆ. ರಜೆಯ ದಿನಗಳಲ್ಲಿ ಸಾಲುಸಾಲಾಗಿ ಬರುವ ಕಾರುಗಳಿಗೆ ರಸ್ತೆ ಬೇಕು, ಕಾರಿನಲ್ಲಿ ಬಂದವರಿಗೆ ಕೋಣೆ ಬೇಕು, ಕೋಣೆಗೆ ನೀರು ಬೇಕು. ಪ್ರವಾಸಿಗರಿಂದ ಊರಿನ ಎಷ್ಟೋ ಮನೆಗಳ ಒಲೆ ಉರಿಯುತ್ತದೆ ಎಂಬುದೂ ನಿಜ. ಎರಡೂ ನಿಜವಾಗಿರುವುದರಿಂದಲೇ ಪ್ರಶ್ನೆ ಕಠಿಣ.

ರಾಜಾಸೀಟಿನಲ್ಲಿ ಸಂಜೆ ಜನ ಸೇರುತ್ತಾರೆ. ಅರಸರು ಕುಳಿತು ಸೂರ್ಯಾಸ್ತ ನೋಡುತ್ತಿದ್ದ ಜಾಗ ಎಂದು ಮಾರ್ಗದರ್ಶಕರು ಹೇಳುತ್ತಾರೆ. ಕೆಳಗೆ ಕಣಿವೆ, ಅದರಾಚೆ ಒಂದರ ಹಿಂದೊಂದು ನೀಲಿ ಬೆಟ್ಟಗಳು. ಸೂರ್ಯ ಮುಳುಗುತ್ತಿದ್ದಂತೆ ಎಲ್ಲರೂ ಫೋಟೋ ತೆಗೆದುಕೊಂಡು ಹೊರಡುತ್ತಾರೆ. ಮಕ್ಕಳನ್ನು ಕರೆತಂದ ಪಾಲಕರು ಇನ್ನೊಂದು ಹತ್ತು ನಿಮಿಷ ನಿಲ್ಲಬಹುದು. ಕಣಿವೆಯ ಹಸಿರಿನ ನಡುವೆ ಗುಡ್ಡ ಜಾರಿದ ಗುರುತು ಕಾಣುತ್ತದೆಯೇ ಎಂದು ಮಕ್ಕಳಿಗೆ ಕೇಳಬಹುದು. ಮರಳುವ ದಾರಿಯಲ್ಲಿ ರಸ್ತೆಯ ಬದಿಯ ಬರೆಯನ್ನೂ, ಅದರ ತುದಿಯಲ್ಲಿ ನಿಂತ ಮನೆಯನ್ನೂ, ಅದರ ಕೆಳಗೆ ಹರಿಯುವ ಅಥವಾ ಹರಿಯದೆ ನಿಂತ ತೋಡನ್ನೂ ತೋರಿಸಬಹುದು. ಕೋಟೆಯ ಗೋಡೆಯಲ್ಲಿ ಚರಿತ್ರೆ ಓದಿದ ಮಕ್ಕಳು ಬೆಟ್ಟದ ಇಳಿಜಾರಿನಲ್ಲಿ ಭೂಗೋಳ ಓದಲಾರರೇ?

ಮುದ್ದುರಾಜ ಈ ಬೆಟ್ಟವನ್ನು ನಂಬಿ ಇಲ್ಲಿಗೆ ಬಂದ. ಟಿಪ್ಪು ಕಲ್ಲಿನ ಗೋಡೆ ಕಟ್ಟಿದ, ಇಂಗ್ಲಿಷರು ಗಡಿಯಾರ ತಂದರು, ಒಂದು ರಾಜ್ಯ ಹುಟ್ಟಿ ಆರೇಳು ವರ್ಷಗಳಲ್ಲಿ ಮುಗಿಯಿತು. ಆಳುವವರು ಬದಲಾದಾಗಲೆಲ್ಲ ಊರು ಉಳಿದದ್ದು ಕಾಲಡಿಯ ನೆಲ ಗಟ್ಟಿಯಾಗಿದ್ದುದರಿಂದ. ಇಷ್ಟು ಕಾಲ ಬೆಟ್ಟ ಊರನ್ನು ಕಾಯಿತು, ಇನ್ನು ಮುಂದೆ ಊರು ಬೆಟ್ಟವನ್ನು ಕಾಯಬೇಕಾಗಿದೆ. ಮಡಿಕೇರಿಯ ಶಾಲೆಗಳಲ್ಲಿ ಇಂದು ಮಳೆಯ ರಜೆಗೆ ಕಾಯುತ್ತಿರುವ ಮಕ್ಕಳು ಕಲಿಯಬೇಕಾದ ಪಾಠ ಅದು. ಎರಡು ದಿನ ಇದ್ದು ಹೋಗುವ ಪ್ರವಾಸಿಗರೂ ಅದನ್ನು ಮರೆಯುವಂತಿಲ್ಲ.